ಮುಡಿಯುವ ಮರುಗ ಒಲೆಯ ಹತ್ತಿರವೂ ಬರಲಿ

ಪತ್ರಿಕೋದ್ಯಮ ಓದುತ್ತಿದ್ದಾಗ ನಾವು ಆರು ಜನ ಒಂದು ಪಾಲಿಹೌಸ್ ನೋಡಲು ಹೋಗಿದ್ದೆವು. ನಗರದ ದೊಡ್ಡ ಹೋಟೆಲುಗಳಿಗೆ ‘ವಿದೇಶಿ ಸೊಪ್ಪು’ ಬೆಳೆದು ಕಳಿಸುವ ತೋಟ ಅದು. ಒಂದೊಂದು ಮಡಿಗೂ ಒಂದೊಂದು ಹೆಸರಿನ ಹಲಗೆ. ಥೈಮ್, ರೋಸ್‌ಮೇರಿ, ಒರೆಗಾನೊ, ಮಾರ್ಜೊರಮ್. ಎಲ್ಲವನ್ನೂ ಬರೆದುಕೊಂಡೆವು, ಫೋಟೊ ತೆಗೆದೆವು. ನಮ್ಮ ಪ್ರಾಯೋಗಿಕ ಪತ್ರಿಕೆಯಲ್ಲಿ ‘ವಿದೇಶಿ ಸೊಪ್ಪಿನಲ್ಲಿ ಹೊಸ ದಾರಿ’ ಅಂತ ಅರ್ಧ ಪುಟದ ವರದಿ ಹಾಕಿದೆವು.

ತೋಟದವರು ಕೊಟ್ಟ ನಾಲ್ಕು ಕುಡಿ ಮಾರ್ಜೊರಮ್ ಅನ್ನು ನಮ್ಮಲ್ಲೊಬ್ಬಳು ಮನೆಗೆ ತಗೊಂಡು ಹೋದಳು. ಅವಳ ಅಜ್ಜಿ ಅದನ್ನು ಕೈಗೆ ತಗೊಂಡು, ಬೆರಳಲ್ಲಿ ಹಿಸುಕಿ, ಮೂಸಿ ನೋಡಿ ಕೇಳಿದ್ದು ಒಂದೇ ಮಾತು. “ಇದು ಮರುಗ ಅಲ್ವೇನೇ? ಇದ್ನ ನೋಡಕ್ಕೆ ಬಸ್ ಮಾಡ್ಕೊಂಡು ಹೋಗಿದ್ರಾ?”

ಮನೆಯ ಹಿತ್ತಲಲ್ಲಿ, ನೀರಿನ ತೊಟ್ಟಿಯಿಂದ ಹತ್ತು ಹೆಜ್ಜೆ ಆಚೆ, ಮರುಗ ಇತ್ತು. ಅವಳು ಹುಟ್ಟುವುದಕ್ಕೆ ಮೊದಲಿಂದಲೂ ಇತ್ತು.

ಆ ವರದಿಯನ್ನು ಈಗ ನೆನೆದರೆ ನಮಗೆ ನಾಚಿಕೆಯಾಗುತ್ತದೆ. ಹಳ್ಳಿಯಿಂದ ಬಂದ ಆರು ಜನ, ಹಳ್ಳಿಯ ಸುದ್ದಿ ಬರೆಯಬೇಕು ಅಂತಲೇ ಓದಿದವರು, ಹಿತ್ತಲ ಗಿಡವನ್ನು ಹಲಗೆಯ ಮೇಲಿನ ಹೆಸರು ನೋಡಿ ವಿದೇಶಿ ಅಂದೆವು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದು ಅಂಕ ತಗೊಂಡವರು ನಾವು. ಈ ಲೇಖನ ಆ ತಪ್ಪಿಗೆ ಒಂದು ತಿದ್ದುಪಡಿ. ಜೊತೆಗೆ ನಮ್ಮ ಒಂದು ಅಭಿಪ್ರಾಯವೂ ಹೌದು: ಮರುಗ ಹೂವಿನ ಬುಟ್ಟಿಯಲ್ಲಿ ಇದ್ದದ್ದು ಸಾಲದು, ಅಡುಗೆಮನೆಗೂ ಬರಬೇಕು. ಅದೂ ನಾವೇ ಬೆಳೆದ ಕುಂಡದಿಂದ.

ಹೆಸರು ಬೇರೆ, ಗಿಡ ಒಂದೇ

ನಾವು ಮಲ್ಲಿಗೆ, ಕನಕಾಂಬರದ ಜೊತೆ ಸೇರಿಸಿ ಕಟ್ಟುವ ಮರುಗ ಮತ್ತು ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ಮಾರ್ಜೊರಮ್ ಒಂದೇ ಗಿಡ. ಕೆಲವು ಕಡೆ ಮರುವ ಅನ್ನುತ್ತಾರೆ. ತೆಲುಗಿನಲ್ಲಿ ಮರುವಂ, ಹಿಂದಿಯಲ್ಲಿ ಮರ್ವಾ. ಸಸ್ಯಶಾಸ್ತ್ರದ ಹೆಸರು ಒರಿಗಾನಮ್ ಮಜೋರಾನ. 1753ರಲ್ಲಿ ಲಿನೇಯಸ್ ಇಟ್ಟ ಹೆಸರು.

ಹಾಗಂತ ಇದು ಇಲ್ಲೇ ಹುಟ್ಟಿದ ಗಿಡ ಅಂತ ನಾವು ಹೇಳುವುದಿಲ್ಲ. ಇದರ ತವರು ಸೈಪ್ರಸ್ ದ್ವೀಪ ಮತ್ತು ಟರ್ಕಿಯ ದಕ್ಷಿಣ ಭಾಗ. ಮೆಣಸಿನಕಾಯಿಯೂ ಹೊರಗಿಂದ ಬಂದದ್ದೇ, ಆಲೂಗಡ್ಡೆಯೂ ಹೊರಗಿಂದ ಬಂದದ್ದೇ. ಅವು ನಮ್ಮವಾಗಿವೆ. ಮರುಗವೂ ಎಂದೋ ನಮ್ಮದಾಗಿದೆ. ನಮ್ಮ ಜನಪದ ಹಾಡುಗಳಲ್ಲಿ ಮಲ್ಲಿಗೆ, ಸಂಪಿಗೆ, ದವನದ ಪಕ್ಕದಲ್ಲೇ ಅದಕ್ಕೆ ಜಾಗ ಇದೆ. ಆದರೆ ನಾವು ಅದನ್ನು ಮೂಗಿಗೆ ಮಾತ್ರ ಇಟ್ಟುಕೊಂಡೆವು, ಬಾಯಿಗೆ ತಂದುಕೊಳ್ಳಲಿಲ್ಲ.

ಬೇರೆಯವರು ತಂದುಕೊಂಡರು. ಜರ್ಮನಿಯಲ್ಲಿ ಆಲೂಗಡ್ಡೆ ಸೂಪಿಗೆ, ಲಿವರ್ ಹಾಕಿ ಮಾಡುವ ಸಾಸೇಜಿಗೆ ಇದೇ ಎಲೆ. ಜೆಕ್ ದೇಶದ ಆಲೂಗಡ್ಡೆ ಸೂಪಿಗೆ, ಪೋಲೆಂಡಿನ ಹುಳಿ ಸೂಪಿಗೆ ಮರುಗ ಹಾಕದಿದ್ದರೆ ರುಚಿಯೇ ಇಲ್ಲ ಅನ್ನುತ್ತಾರೆ. ಈಜಿಪ್ಟ್ ಇದನ್ನು ಒಣಗಿಸಿ ಯುರೋಪಿಗೆ ಕಳಿಸುತ್ತದೆ. ಪಿಜ್ಜಾ ಜೊತೆ ಒಂದು ಸಣ್ಣ ಪ್ಯಾಕೆಟ್ ಕೊಡುತ್ತಾರಲ್ಲ, ಆ ಒರೆಗಾನೊ ಮರುಗದ ಹತ್ತಿರದ ಸಂಬಂಧಿ. ಒರೆಗಾನೊ ಸ್ವಲ್ಪ ಖಾರ, ಒರಟು. ಮರುಗ ಮೃದು, ತುಸು ಸಿಹಿ ವಾಸನೆ.

ದೊಡ್ಡಪತ್ರೆಗೂ ಇದೇ ಗತಿ ಆಗುತ್ತಿದೆ. ಒರೆಗಾನೊ ವಾಸನೆಗೆ ಕಾರಣವಾದ ಕಾರ್ವಕ್ರಾಲ್ ಎಂಬ ಅಂಶ ದೊಡ್ಡಪತ್ರೆಯಲ್ಲೂ ಇದೆ. ಆನ್‌ಲೈನ್ ನರ್ಸರಿಗಳಲ್ಲಿ ಅದನ್ನು ‘ಕ್ಯೂಬನ್ ಒರೆಗಾನೊ’ ಅಂತ ಮಾರುತ್ತಾರೆ. ಜ್ವರ, ಕೆಮ್ಮು ಬಂದರೆ ಕಾವಲಿಯ ಮೇಲೆ ಬಾಡಿಸಿ ರಸ ಹಿಂಡುತ್ತಿದ್ದ ಎಲೆಯನ್ನು ನಾಳೆ ನಮ್ಮ ಮಕ್ಕಳು ಕ್ಯೂಬಾದಿಂದ ಬಂದದ್ದು ಅಂದುಕೊಂಡರೆ ಆಶ್ಚರ್ಯವಿಲ್ಲ. ನಾವೂ ಹಾಗೇ ಅಂದುಕೊಂಡವರಲ್ಲವೇ?

ಸಂತೆಯ ಮರುಗ ಸಾರಿಗೆ ಬೇಡ

ಇಷ್ಟು ಓದಿ, ಸಂಜೆ ಹೂವಿನವರ ಹತ್ತಿರ ಒಂದು ಕಟ್ಟು ಮರುಗ ತಂದು ಸಾರಿಗೆ ಹಾಕಬೇಡಿ. ಇದನ್ನು ನಾವು ಒತ್ತಿ ಹೇಳುತ್ತೇವೆ.

ಸಂತೆಗೆ ಬರುವ ಮರುಗ ಮುಡಿಯಲು ಬೆಳೆದದ್ದು, ತಿನ್ನಲು ಅಲ್ಲ. ತಿನ್ನುವ ಸೊಪ್ಪಾದರೆ ಔಷಧಿ ಹೊಡೆದ ಮೇಲೆ ಇಷ್ಟು ದಿನ ಕೊಯ್ಯಬಾರದು ಎಂಬ ಲೆಕ್ಕವಾದರೂ ಇರುತ್ತದೆ. ಮಾಲೆಗೆ ಹೋಗುವ ಸೊಪ್ಪಿಗೆ ಆ ಯೋಚನೆ ಯಾಕೆ ಬರಬೇಕು? ಬಾಡದಿರಲಿ ಅಂತ ಸಿಕ್ಕ ನೀರು ಚಿಮುಕಿಸುತ್ತಾರೆ, ಒದ್ದೆ ಗೋಣಿಯಲ್ಲಿ ಸುತ್ತುತ್ತಾರೆ. ಅದು ಬೆಳೆದವರ ತಪ್ಪೂ ಅಲ್ಲ, ಮಾರುವವರ ತಪ್ಪೂ ಅಲ್ಲ. ಆ ಸೊಪ್ಪು ಇರುವುದೇ ಬೇರೆ ಕೆಲಸಕ್ಕೆ.

ಇನ್ನೊಂದು ಎಚ್ಚರಿಕೆ. ಹೂವಿನ ಬುಟ್ಟಿಯಲ್ಲಿ ಮರುಗದ ಪಕ್ಕದಲ್ಲಿ ದವನವೂ ಇರುತ್ತದೆ, ಪಚ್ಚೆತೆನೆಯೂ ಇರುತ್ತದೆ. ಮೂರೂ ಘಮ್ ಅನ್ನುತ್ತವೆ. ಆದರೆ ಮೂರೂ ಬೇರೆ. ದವನದ ಎಲೆ ಸಣ್ಣಗೆ ಕತ್ತರಿಸಿದ ಹಾಗೆ ಸೀಳಿರುತ್ತದೆ. ಅದು ಸೇವಂತಿಗೆಯ ಕುಟುಂಬದ ಗಿಡ, ಅದರ ಎಣ್ಣೆ ಅತ್ತರಿಗೆ ಹೋಗುತ್ತದೆ. ಮರುಗ ತುಳಸಿ, ಪುದೀನದ ಕುಟುಂಬಕ್ಕೆ ಸೇರಿದ್ದು. ಎಲೆ ಸಣ್ಣದು, ಮೊಟ್ಟೆಯಾಕಾರ, ಅಂಚಿನಲ್ಲಿ ಹಲ್ಲಿಲ್ಲ, ಮುಟ್ಟಿದರೆ ಮಕಮಲ್ಲಿನ ಹಾಗೆ, ಬಣ್ಣ ಬೂದಿ ಬೆರೆತ ಹಸಿರು. ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ. ಎಳೆ ಕಡ್ಡಿಯನ್ನು ಬೆರಳಲ್ಲಿ ಉರುಳಿಸಿದರೆ ನಾಲ್ಕು ಮೂಲೆ ಸಿಗುತ್ತದೆ. ಗುರುತು ಖಚಿತವಾಗದೆ ಯಾವ ಸೊಪ್ಪನ್ನೂ ಬಾಯಿಗೆ ಹಾಕಬೇಡಿ. ಮನೆಯಲ್ಲಿ ಹೂ ಕಟ್ಟುವ ಹಿರಿಯರಿದ್ದರೆ ಅವರನ್ನೇ ಕೇಳಿ. ಮೊಬೈಲ್ ಆ್ಯಪ್‌ಗಿಂತ ಅವರ ಮೂಗು ವಾಸಿ.

ಒಂದು ಬಕೆಟ್ ಸಾಕು

ಮರುಗ ಬೆಳೆಯಲು ಜಮೀನು ಬೇಡ. ತೂತು ಮಾಡಿದ ಹಳೆ ಬಕೆಟ್ ಅಥವಾ ಎಣ್ಣೆ ಡಬ್ಬ ಸಾಕು. ಪೇಂಟ್ ಡಬ್ಬ ಬೇಡ, ತಿನ್ನುವ ಗಿಡ ಇದು.

ಬೀಜದಿಂದಲೂ ಬರುತ್ತದೆ. ಆದರೆ ಬೀಜ ಸಾಸಿವೆಗಿಂತ ಎಷ್ಟೋ ಚಿಕ್ಕದು, ಮೊಳಕೆ ನಿಧಾನ. ಕಡ್ಡಿಯಿಂದ ಮಾಡುವುದೇ ಸುಲಭ. ಹೂ ಬಿಡದ ಎಳೆ ಕುಡಿಯನ್ನು ನಾಲ್ಕು ಬೆರಳು ಉದ್ದಕ್ಕೆ ಕತ್ತರಿಸಿ. ಕೆಳಗಿನ ಅರ್ಧದ ಎಲೆ ಕೀಳಿ. ಒದ್ದೆ ಮರಳಿನಲ್ಲಿ ನೆಟ್ಟು ನೆರಳಲ್ಲಿಡಿ. ಮೂರು, ನಾಲ್ಕು ವಾರಕ್ಕೆ ಬೇರು ಬರುತ್ತದೆ. ಹತ್ತು ಕಡ್ಡಿ ನೆಟ್ಟರೆ ಐದಾದರೂ ಉಳಿಯುತ್ತವೆ ಅನ್ನುವ ಲೆಕ್ಕದಲ್ಲಿ ಸ್ವಲ್ಪ ಜಾಸ್ತಿಯೇ ನೆಡಿ. ಕಡ್ಡಿ ಸಿಗದಿದ್ದರೆ ಸಂತೆಯ ಕಟ್ಟಿನಲ್ಲಿ ತಾಜಾ ಇರುವ ಕುಡಿಯನ್ನೂ ನೆಟ್ಟು ನೋಡಬಹುದು. ಆದರೆ ಹಾಗೆ ಬಂದ ಗಿಡದ ಮೊದಲ ಎಲೆಗಳನ್ನು ತಿನ್ನಬೇಡಿ. ಒಂದೆರಡು ಸಲ ಕತ್ತರಿಸಿ ಹಾಕಿ, ನಿಮ್ಮ ಕುಂಡದಲ್ಲಿ ಹೊಸದಾಗಿ ಚಿಗುರಿದ ಮೇಲೆ ಬಳಸಿ.

ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ. ಗೊಬ್ಬರ ಜಾಸ್ತಿಯಾದರೆ ಗಿಡ ಸೊಂಪಾಗಿ ಕಾಣುತ್ತದೆ, ಎಲೆಯಲ್ಲಿ ಘಮ ಮಾತ್ರ ಕಡಿಮೆ. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು.

ನಾವು ಕೇಳಿದ ಮಟ್ಟಿಗೆ ಮರುಗ ಸತ್ತಿರುವುದು ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ. ಬೆರಳಿನ ಒಂದು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ. ಒಣಗಿದ್ದರೆ ನೀರು ಹಾಕಿ, ತೇವ ಇದ್ದರೆ ಬಿಡಿ. ಬಯಲುಸೀಮೆಯವರಿಗೆ ಇದು ಕಷ್ಟವಿಲ್ಲ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಕುಂಡವನ್ನು ಸೂರಿನ ಕೆಳಗೆ, ಬೆಳಕು ಬೀಳುವ ಕಡೆ ಎತ್ತಿಡಬೇಕು. ಪಾತ್ರೆ ತೊಳೆದ ಸೋಪಿನ ನೀರನ್ನು ಇದಕ್ಕೆ ಹಾಕಬೇಡಿ.

ಗಿಡ ಒಂದು ಗೇಣು ಎತ್ತರ ಬಂದಾಗ, ಬುಡದಿಂದ ನಾಲ್ಕು ಬೆರಳು ಬಿಟ್ಟು ಮೇಲಿನದನ್ನು ಕತ್ತರಿಸಿ. ಮತ್ತೆ ಚಿಗುರುತ್ತದೆ. ಮೊಗ್ಗು ಬರುವ ಮುಂಚೆ ಕತ್ತರಿಸಿದ ಎಲೆಗೆ ಘಮ ಹೆಚ್ಚು. ಒಂದೆರಡು ವರ್ಷದಲ್ಲಿ ಬುಡ ಕಟ್ಟಿಗೆಯಾಗುತ್ತದೆ. ಅಷ್ಟರಲ್ಲಿ ಹೊಸ ಕಡ್ಡಿ ನೆಟ್ಟುಕೊಂಡಿರಿ.

ಕೈತೋಟ ಇರುವವರು ಒಂದೆರಡು ಗಿಡವನ್ನು ಹೂ ಬಿಡಲು ಹಾಗೇ ಬಿಡಿ. ಸಣ್ಣ ಬಿಳಿ ಹೂವಿಗೆ ಜೇನು ಬರುತ್ತದೆ, ಸಣ್ಣ ಕಣಜಗಳೂ ಬರುತ್ತವೆ. ಪಕ್ಕದಲ್ಲಿರುವ ಸೌತೆ, ಹೀರೆ, ಕುಂಬಳದ ಹೂವಿಗೂ ಆ ಜೇನಿನ ಉಪಕಾರ ಸಿಗುತ್ತದೆ. ಮರುಗ ನೆಟ್ಟರೆ ಹುಳುವೇ ಬರುವುದಿಲ್ಲ ಅಂತ ಹೇಳುವ ವಿಡಿಯೊಗಳು ಓಡಾಡುತ್ತಿವೆ. ಅವನ್ನು ನಂಬಿ ಬದನೆಗೆ ಬಂದ ಹುಳ ಆರಿಸುವುದನ್ನು ಬಿಡಬೇಡಿ.

ನಮ್ಮ ಅಡುಗೆಗೆ ಹೇಗೆ?

ಮೊದಲು ನಾವು ಕೆಡಿಸಿದ್ದನ್ನು ಹೇಳುತ್ತೇವೆ. ಮೊದಲ ಸಲ ಬೇಳೆ ಬೇಯುವಾಗಲೇ ಮರುಗ ಹಾಕಿದೆವು. ಸಾರು ಇಳಿಸುವ ಹೊತ್ತಿಗೆ ಘಮ ಎಲ್ಲಾ ಆವಿಯ ಜೊತೆ ಹೋಗಿತ್ತು. ಎರಡನೇ ಸಲ ಕೊತ್ತಂಬರಿ ಹಾಕಿದ ಹಾಗೆ ಒಂದು ಹಿಡಿ ಹಾಕಿದೆವು. ತಿಂದವರು “ಕಷಾಯ ಮಾಡಿದ್ದೀರಾ?” ಅಂದರು. ಎರಡೂ ಪಾಠ ಮುಖ್ಯ: ಕೊನೆಗೆ ಹಾಕಬೇಕು, ಸ್ವಲ್ಪವೇ ಹಾಕಬೇಕು. ನಾಲ್ಕು ಜನರ ಅಡುಗೆಗೆ ಒಂದು ಚಮಚ ಹಸಿ ಎಲೆ ಸಾಕು.

ತಂಬುಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳು ಮೆಣಸು ಹುರಿದು, ಒಲೆ ಆರಿಸಿದ ಮೇಲೆ ಮರುಗದ ಎಲೆ ಹಾಕಿ ಬಾಡಿಸಿ. ಮೂರು ಚಮಚ ಕಾಯಿತುರಿ ಜೊತೆ ರುಬ್ಬಿ, ಎರಡು ಲೋಟ ಮಜ್ಜಿಗೆಗೆ ಬೆರೆಸಿ, ಉಪ್ಪು, ಒಗ್ಗರಣೆ. ದೊಡ್ಡಪತ್ರೆ ತಂಬುಳಿ ಮಾಡುವವರಿಗೆ ಹೊಸದಾಗಿ ಕಲಿಯುವುದೇನೂ ಇಲ್ಲ.

ಬಿಸಿಲಿನಲ್ಲಿ ನೀರುಮಜ್ಜಿಗೆಗೆ ಕರಿಬೇವು, ಶುಂಠಿ ಜಜ್ಜುವಾಗ ನಾಲ್ಕು ಎಲೆ ಮರುಗವನ್ನೂ ಜಜ್ಜಿ. ಆಲೂಗಡ್ಡೆ ಪಲ್ಯ ಇಳಿಸುವಾಗ ಮೇಲೆ ಉದುರಿಸಿ. ಅವರೆಕಾಳಿಗೆ, ಹುರುಳಿಕಾಯಿ ಪಲ್ಯಕ್ಕೆ ಬಹಳ ಒಗ್ಗುತ್ತದೆ. ಮೊಟ್ಟೆ ಆಮ್ಲೆಟ್ಟಿಗೆ ಹಸಿಮೆಣಸಿನ ಜೊತೆ ಹಾಕಬಹುದು. ಮಾಂಸ ತಿನ್ನುವವರು ಲಿವರ್ ಫ್ರೈ ಇಳಿಸುವ ಮುಂಚೆ ಅರ್ಧ ಚಮಚ ಹಾಕಿ ನೋಡಿ, ಜರ್ಮನಿಯವರು ಯಾಕೆ ಬಿಟ್ಟಿಲ್ಲ ಅಂತ ಗೊತ್ತಾಗುತ್ತದೆ. ರೊಟ್ಟಿ ಊಟದವರು ಗಟ್ಟಿ ಮೊಸರಿಗೆ ಬೆಳ್ಳುಳ್ಳಿ, ಉಪ್ಪು, ಮರುಗ ಕಲಸಿ ಅರ್ಧ ಗಂಟೆ ಇಟ್ಟು ಬಿಸಿ ಜೋಳದ ರೊಟ್ಟಿ ಜೊತೆ ತಿನ್ನಬಹುದು.

ಕೊತ್ತಂಬರಿ ಒಣಗಿಸಿದರೆ ವಾಸನೆ ಹೋಗುತ್ತದೆ, ಮರುಗದ್ದು ಹೋಗುವುದಿಲ್ಲ. ಸಣ್ಣ ಸಣ್ಣ ಕಟ್ಟು ಮಾಡಿ, ಗಾಳಿಯಾಡುವ ನೆರಳಿನಲ್ಲಿ ತಲೆಕೆಳಗಾಗಿ ನೇತುಹಾಕಿ. ಬೇಸಿಗೆಯಲ್ಲಿ ಒಂದು ವಾರ, ಹತ್ತು ದಿನ ಸಾಕು. ಮುಟ್ಟಿದರೆ ಪುಡಿಯಾಗುವಂತೆ ಒಣಗಿದಾಗ ಎಲೆ ಉದುರಿಸಿ ಬಾಟಲಿಗೆ ತುಂಬಿ. ಅಂಗಡಿಯ ಬಾಟಲಿಯಲ್ಲಿ ಇರುವುದೂ ಇದೇ.

ಔಷಧಿ ಅಂತ ನಾವು ಇದನ್ನು ಹೊಗಳುವುದಿಲ್ಲ. ಊಟದಲ್ಲಿ ರುಚಿಗೆ ಹಾಕುವಷ್ಟು ಹಾಕಿ. ಅದರ ಎಣ್ಣೆಯನ್ನು ಕುಡಿಯುವುದು, ಬಸುರಿಯರು ಕಷಾಯ ಮಾಡಿ ಕುಡಿಯುವುದು ವೈದ್ಯರನ್ನು ಕೇಳದೆ ಮಾಡುವ ಕೆಲಸವಲ್ಲ.

“ದೇವರಿಗೆ ಏರಿಸೋದನ್ನ ತಿನ್ನೋದಾ?”

ಇದು ನಮಗೆ ಎದುರಾದ ಮೊದಲ ಪ್ರಶ್ನೆ. ತುಳಸಿ ದೇವರಿಗೂ ಹೌದು, ತೀರ್ಥಕ್ಕೂ ಹೌದು. ತೆಂಗಿನಕಾಯಿ, ಬಾಳೆಹಣ್ಣು ಏರಿಸಿದ ಮೇಲೆ ನಾವೇ ತಿನ್ನುತ್ತೇವೆ. ಅರಿಶಿನ ಕೆನ್ನೆಗೂ ಹೌದು, ಸಾರಿಗೂ ಹೌದು. ಮರುಗಕ್ಕೆ ಮಾತ್ರ ಬೇರೆ ನ್ಯಾಯ ಯಾಕೆ?

ಎರಡನೇ ಪ್ರಶ್ನೆ ರೈತರದ್ದು. “ಹಾಗಾದ್ರೆ ಒಂದೆಕರೆ ಹಾಕ್ಬೋದಾ?” ಇದಕ್ಕೆ ನಾವು ಹೂಂ ಅನ್ನುವುದಿಲ್ಲ. ಮಲೆನಾಡಿನವರಿಗೆ ವೆನಿಲ್ಲಾ ನೆನಪಿರುತ್ತದೆ. 2003ರ ಹೊತ್ತಿಗೆ ಹಸಿ ಕೋಡಿಗೆ ಕಿಲೋಗೆ ಸಾವಿರದ ಲೆಕ್ಕದಲ್ಲಿ ಬೆಲೆ ಇತ್ತು. ರಾತ್ರಿ ಬಳ್ಳಿಗೆ ಕಾವಲು ಕೂತವರಿದ್ದರು. ಎರಡು ವರ್ಷ ಕಳೆಯುವುದರೊಳಗೆ ಬೆಲೆ ಕುಸಿಯಿತು, ಸಾಲ ಮಾತ್ರ ಉಳಿಯಿತು. ದೂರದ ಊರಿನವರ ರುಚಿಯನ್ನು ನಂಬಿ ನಮ್ಮ ಹೊಲ ಪೂರ್ತಿ ಒಪ್ಪಿಸಿದರೆ ಏನಾಗುತ್ತದೆ ಅಂತ ಅದು ತೋರಿಸಿತು. ಅಂಥ ಹೊತ್ತಿನಲ್ಲಿ ‘ಹೊಸ ದಾರಿ’ ಅಂತ ತಲೆಬರಹ ಕೊಡುವವರು ನಮ್ಮಂಥವರೇ. ಆದ್ದರಿಂದ ಈಗ ಎಚ್ಚರದಿಂದ ಹೇಳುತ್ತೇವೆ: ಮೊದಲು ನಮ್ಮ ನಾಲಿಗೆಗೆ, ಆಮೇಲೆ ಸಂತೆಗೆ.

ಆದರೆ ಒಂದು ಮಾತು ಹೂವಿನ ಬೆಳೆಗಾರರ ಪರವಾಗಿ ಹೇಳಲೇಬೇಕು. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆ ಇಲ್ಲ, ಮಾಲೆ ಇಲ್ಲ, ಮರುಗ ಕೇಳುವವರಿಲ್ಲ. ಹಬ್ಬದ ಮುಂಚೆ ಬೆಲೆ ಏರುತ್ತದೆ, ಮಾರನೇ ದಿನ ಬಾಡಿದ ಕಟ್ಟು ಮೋರಿಗೆ ಹೋಗುತ್ತದೆ. ಊರಿನ ಮನೆಗಳು ಈ ಎಲೆಯ ರುಚಿ ಕಲಿತರೆ, ಔಷಧಿ ಹೊಡೆಯದೆ ಬೆಳೆದ ಒಂದು ಸಣ್ಣ ಮಡಿ ಮರುಗಕ್ಕೆ ಬಿಕರಿ ಇರುತ್ತದೆ. ಒಣಗಿಸಿ ಇಟ್ಟದ್ದು ಬಾಡುವುದಿಲ್ಲ. ಸ್ತ್ರೀಶಕ್ತಿ ಸಂಘದವರು ಮಾರಲು ಹೊರಟರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಂಡು, ಚೀಟಿಯ ಮೇಲೆ ‘ಮರುಗ’ ಅಂತಲೇ ದೊಡ್ಡದಾಗಿ ಬರೆಯಲಿ.

ಬೆಳೆದವರಿಗೆ ಸಿಗದ ಮರುಗ

ಕೊನೆಯದಾಗಿ ಮತ್ತೆ ಆ ಅಜ್ಜಿಯ ವಿಷಯ. ಅವರು ಐವತ್ತು ವರ್ಷದಿಂದ ಮರುಗ ಬೆಳೆಯುತ್ತಿದ್ದಾರೆ. ಹೂ ಕಟ್ಟುವುದರಲ್ಲಿ ಊರಿಗೇ ಹೆಸರು. ಕಣ್ಣು ಮುಚ್ಚಿಕೊಂಡು ಎರಡು ಮೊಳ ಕಟ್ಟುತ್ತಾರೆ. ಮದುವೆ, ಸೀಮಂತ, ಊರ ಹಬ್ಬ ಯಾವುದಿದ್ದರೂ ಅವರ ಹಿತ್ತಲಿಗೆ ಜನ ಬರುತ್ತಾರೆ. ಆದರೆ ತಾತ ತೀರಿಕೊಂಡ ಮೇಲೆ ಅವರು ಒಂದು ಕುಡಿ ಮರುಗವನ್ನೂ ಮುಡಿದಿಲ್ಲ. ಮುಡಿಯಬೇಡಿ ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲವಂತೆ. ಹೇಳುವ ಅಗತ್ಯವೇ ಇರಲಿಲ್ಲ. ಗಂಡ ಹೋದವರು ಹೂ ಕಟ್ಟಬಹುದು, ಮುಡಿಯಬಾರದು. ಇಂಥ ಮನೆಗಳು ನಿಮ್ಮೂರಲ್ಲೂ ಇವೆ, ನಮ್ಮೂರಲ್ಲೂ ಇವೆ.

ಆ ಕಟ್ಟಳೆ ಹೋಗಬೇಕು ಅಂತ ನಮ್ಮ ಅಭಿಪ್ರಾಯ. ಮರುಗ ಅಡುಗೆಗೆ ಬಂದ ಮಾತ್ರಕ್ಕೆ ಅದು ಹೋಗುವುದಿಲ್ಲ ಅಂತಲೂ ಗೊತ್ತು. ಮುಡಿಯುವ ಹಕ್ಕಿಗೆ ತಂಬುಳಿ ಬದಲಿಯಲ್ಲ.

ಆದರೂ ಒಂದು ವಿಷಯ ನಾವು ಕಣ್ಣಾರೆ ಕಂಡೆವು. ಮೊದಲ ಸಲ ಮರುಗದ ತಂಬುಳಿ ಮಾಡಿ ಬಡಿಸಿದ ದಿನ ಅಜ್ಜಿ ಎರಡು ಸಲ ಹಾಕಿಸಿಕೊಂಡರು. “ಇಷ್ಟ್ ವರ್ಷ ಎಲ್ಲಾರ್ ತಲೆಗೂ ಹಾಕ್ದೆ, ಇದು ಬಾಯಿಗೂ ಆಯ್ತದೆ ಅಂತ ಗೊತ್ತೇ ಇರ್ಲಿಲ್ಲ” ಅಂದರು. ಈಗ ಅವರ ಹಿತ್ತಲಲ್ಲಿ ಅಡುಗೆಗೆ ಅಂತ ಬೇರೆಯೇ ಒಂದು ಮಡಿ ಇದೆ. ಯಾವಾಗ ಕುಯ್ಯಬೇಕು, ಎಷ್ಟು ಹಾಕಬೇಕು ಅಂತ ಸೊಸೆಗೆ, ಮೊಮ್ಮಗಳಿಗೆ ಹೇಳಿಕೊಡುವವರು ಅವರೇ. ಎಲೆ ಮುಟ್ಟಿ ನೋಡಿ ಇವತ್ತು ಬೇಡ, ನಾಳೆ ಕುಯ್ಯಿ ಅನ್ನುತ್ತಾರೆ. ಅವರು ಹೇಳಿದ್ದೇ ನಡೆಯುತ್ತದೆ.

ಪಾಲಿಹೌಸಿನಲ್ಲಿ ನಾವು ಕೇಳಿ ಬರೆದುಕೊಂಡ ಎಷ್ಟೋ ವಿಷಯ ಅವರಿಗೆ ಮೊದಲೇ ಗೊತ್ತಿತ್ತು. ನಾವು ಕೇಳಿರಲಿಲ್ಲ, ಅಷ್ಟೇ.

ನಿಮ್ಮ ಮನೆಯಲ್ಲಿ ಮರುಗ ಇದ್ದರೆ ಈ ವಾರ ನಾಲ್ಕು ಕಡ್ಡಿ ಕತ್ತರಿಸಿ ನೆಡಿ. ಒಂದನ್ನು ಪಕ್ಕದ ಮನೆಗೆ ಕೊಡಿ. ನಿಮ್ಮ ಕಡೆ ಮೊದಲಿನಿಂದಲೂ ಇದನ್ನು ಅಡುಗೆಗೆ ಬಳಸುವ ರೂಢಿ ಇದ್ದರೆ ನಮಗೆ ಬರೆದು ತಿಳಿಸಿ. ಹೇಗೆ ಮಾಡುತ್ತೀರಿ, ಯಾರಿಂದ ಕಲಿತಿರಿ ಅನ್ನುವುದನ್ನೂ ಬರೆಯಿರಿ. ಈ ಸಲ ಹೆಸರನ್ನು ಸರಿಯಾಗಿ ಹಾಕುತ್ತೇವೆ.